ಹಾವಿಗೆ ಮನೆ ಎಲ್ಲಿ?

ಆಕಳು, ಎತ್ತು, ನಾಯಿ, ಬೆಕ್ಕುಗಳನ್ನು ಮನೆಯ ಮಕ್ಕಳಂತೆ ಸಾಕಿಕೊಂಡು ಬಂದ ಒಕ್ಕಲುತನದ ಮನೆತನಗಳು ನಮ್ಮವು. ಆದರೆ ಇಂದಿನ ಮಕ್ಕಳ ಬಾಯಲ್ಲಿ ಹಿರಿಯರು ಎಂದೂ ನಿರೀಕ್ಷಿಸದ ಒಂದು ಬೇಡಿಕೆ ಬಂದರೂ ಆಶ್ಚರ್ಯವಿಲ್ಲ. ಪರದೇಶದ ಹುಡುಗರು ಹೆಬ್ಬಾವನ್ನು ಕೊರಳಿಗೆ ಸುತ್ತಿಕೊಂಡು ನಗುವುದನ್ನು ಮೊಬೈಲಿನ ಪರದೆಯ ಮೇಲೆ ಕಂಡ ಮಗು, ‘ಅಪ್ಪಾ, ನಾವೂ ಒಂದು ಹಾವು ಸಾಕೂಣೇನು?’ ಎಂದು ಕೇಳಿಬಿಡುತ್ತದೆ. ಅಜ್ಜಿ ‘ಶಿವಶಿವಾ’ ಎನ್ನುತ್ತಾಳೆ, ತಂದೆ ಗದರುತ್ತಾನೆ, ಮಾತು ಅಲ್ಲಿಗೇ ಮುಗಿಯುತ್ತದೆ.

ಗದರಿಸುವುದು ಉತ್ತರವಲ್ಲ. ಹಾವೆಂದರೆ ಕಲ್ಲು ಎತ್ತಿಕೊಳ್ಳುವ ಲೋಕದಲ್ಲಿ, ಹಾವನ್ನು ಸಾಕಬೇಕೆಂದು ಬಯಸುವ ಮಗುವಿನ ಮನಸ್ಸಿನಲ್ಲಿ ಹಗೆಯಿಲ್ಲ, ಕುತೂಹಲವಿದೆ, ಕರುಣೆಯೂ ಇದೆ. ಆ ಕರುಣೆಯನ್ನು ಚಿವುಟದೆ, ಆದರೆ ತಪ್ಪುದಾರಿಗೂ ಬಿಡದೆ, ಹಾವಿಗೆ ನಿಜವಾದ ಮನೆ ಯಾವುದು, ಅದರ ಆರೈಕೆ ಎಂದರೇನು ಎಂಬುದನ್ನು ತಿಳಿಸಿ ಹೇಳುವುದು ಹಿರಿಯರ ಹೊಣೆ. ಈ ಲೇಖನದ ಉದ್ದೇಶ ಅದೇ.

ಹಾವಿನ ನೆಲ

ರಾಯಚೂರು ಜಿಲ್ಲೆಯ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರು ಎಂಬ ಹೆಸರನ್ನು ಕೇಳಿದೊಡನೆ ತೆಲುಗು ಬಲ್ಲವರಿಗೆ ಹಾವು ನೆನಪಾದರೆ ಅಚ್ಚರಿಯಿಲ್ಲ. ತೆಲುಗಿನಲ್ಲಿ ‘ಪಾಮು’ ಎಂದರೆ ಹಾವು. ನಮ್ಮ ಹಳಗನ್ನಡದ ‘ಪಾವು’ ಸಹ ಅದೇ. ಹೆಸರಿನ ಮಾತು ಹೇಗೇ ಇರಲಿ, ಪಾಮನಕಲ್ಲೂರು, ಮಸ್ಕಿ, ಲಿಂಗಸುಗೂರು, ಸಿಂಧನೂರುಗಳ ಸುತ್ತಲಿನ ಭೂಮಿಯಂತೂ ಹಾವಿಗೆ ಹೇಳಿ ಮಾಡಿಸಿದ ಭೂಮಿ. ಬೇಸಿಗೆಯಲ್ಲಿ ಬಿರಿಯುವ ಎರೆಹೊಲ, ಅಲ್ಲಲ್ಲಿ ಬಂಡೆಗಲ್ಲಿನ ಗುಡ್ಡ, ಜೋಳ, ಸಜ್ಜೆ, ತೊಗರಿ, ಹತ್ತಿಯ ಬೆಳೆ; ಸಿಂಧನೂರಿನ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆಯುವ ಭತ್ತ. ಕಾಳು ಇದ್ದಲ್ಲಿ ಇಲಿ, ನೀರು ನಿಂತಲ್ಲಿ ಕಪ್ಪೆ. ಇಲಿ ಕಪ್ಪೆಗಳಿದ್ದಲ್ಲಿ ಹಾವು. ಇದು ಸೃಷ್ಟಿಯ ಸರಳ ಲೆಕ್ಕ.

ಆದ್ದರಿಂದ ಈ ಸೀಮೆಯ ಕುಟುಂಬಗಳು ಹಾವನ್ನು ಹೊಸದಾಗಿ ತಂದು ಸಾಕಬೇಕಾಗಿಲ್ಲ. ಹೊಲದ ಒಡ್ಡಿನಲ್ಲಿ, ಹುತ್ತದಲ್ಲಿ, ಬಣವೆಯ ಬುಡದಲ್ಲಿ ಹಾವು ಮೊದಲಿನಿಂದಲೂ ನಮ್ಮ ನೆರೆಯಲ್ಲೇ ಇದೆ. ನೆರೆಯವರೊಂದಿಗೆ ಹೇಗೆ ಬಾಳಬೇಕು ಎಂಬುದಷ್ಟೇ ನಾವು ಕಲಿಯಬೇಕಾದ ಪಾಠ.

ಸಾಕುವವರು ಕಟ್ಟುವ ಮನೆ

ಅಮೆರಿಕ, ಯೂರೋಪುಗಳಲ್ಲಿ ಹಾವು ಸಾಕುವುದು ಒಂದು ಹವ್ಯಾಸ. ಮೊದಲ ಸಲ ಸಾಕುವವರು ಹೆಚ್ಚಾಗಿ ಆರಿಸಿಕೊಳ್ಳುವವು ಉತ್ತರ ಅಮೆರಿಕದ ಕಾರ್ನ್ ಸ್ನೇಕ್ ಮತ್ತು ಆಫ್ರಿಕದ ಬಾಲ್ ಪೈಥಾನ್. ಎರಡೂ ವಿಷರಹಿತ. ಗಾಬರಿಯಾದಾಗ ಚೆಂಡಿನಂತೆ ಸುರುಳಿಯಾಗುವ ಚಿಕ್ಕ ಜಾತಿಯ ಹೆಬ್ಬಾವಿಗೇ ಬಾಲ್ ಪೈಥಾನ್ ಎಂದು ಹೆಸರು. ಮೂರರಿಂದ ಐದು ಅಡಿ ಬೆಳೆಯುವ ಈ ಹಾವನ್ನು ಸರಿಯಾಗಿ ಸಾಕಲು ಏನೇನು ಬೇಕೆಂಬುದನ್ನು ತಿಳಿದರೆ, ಮಗುವಿನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ದೊರೆಯುತ್ತದೆ.

ಮೊದಲನೆಯದು ಪೆಟ್ಟಿಗೆ. ಸುಮಾರು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಗಾಜಿನ ಅಥವಾ ಮರದ ಪೆಟ್ಟಿಗೆಗೆ ಬಿಗಿಯಾದ ಮುಚ್ಚಳವಿರಬೇಕು. ತಲೆ ತೂರುವಷ್ಟು ಸಂದು ಸಿಕ್ಕರೆ ಸಾಕು, ಹಾವು ಹೊರಬೀಳುತ್ತದೆ. ಎರಡನೆಯದು ಶಾಖ. ಹಾವು ತನ್ನ ಮೈಯಲ್ಲಿ ತಾನೇ ಶಾಖ ಹುಟ್ಟಿಸಿಕೊಳ್ಳುವ ಜೀವಿಯಲ್ಲ. ಬಿಸಿಲು ನೆರಳುಗಳ ನಡುವೆ ಹರಿದಾಡಿ ಮೈಯ ಶಾಖವನ್ನು ಸರಿತೂಗಿಸಿಕೊಳ್ಳುತ್ತದೆ. ಆದ್ದರಿಂದ ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರುವಂತೆ ವಿದ್ಯುತ್ ಶಾಖೋಪಕರಣ ಮತ್ತು ಅದನ್ನು ಹತೋಟಿಯಲ್ಲಿಡುವ ಯಂತ್ರ ಹಗಲಿರುಳೂ ನಡೆಯಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಸೀಮೆಯಲ್ಲಿ ಶಾಖ ಕೊಡುವುದಕ್ಕಿಂತ ತಂಪು ಕೊಡುವುದೇ ಕಷ್ಟ. ವಿದ್ಯುತ್ತು ಹೋದ ಒಂದು ಮಧ್ಯಾಹ್ನ, ನೆರಳಿಗೆ ಓಡಿಹೋಗಲು ದಾರಿಯಿಲ್ಲದ ಹಾವು ಪೆಟ್ಟಿಗೆಯಲ್ಲೇ ಬೆಂದು ಸಾಯಬಹುದು.

ಮೂರನೆಯದು ಅಡಗುತಾಣ. ಬಿಸಿಯ ಕಡೆಗೊಂದು, ತಂಪಿನ ಕಡೆಗೊಂದು ಮೈಮುಚ್ಚಿಕೊಳ್ಳುವ ಗೂಡು ಇರಲೇಬೇಕು. ಅಡಗಲು ಜಾಗವಿಲ್ಲದ ಹಾವು ಅಂಜಿ ಆಹಾರ ಬಿಡುತ್ತದೆ. ನಾಲ್ಕನೆಯದು ಸದಾ ಶುದ್ಧ ನೀರು ಮತ್ತು ಹದವಾದ ತೇವ. ಗಾಳಿ ಒಣಗಿದರೆ ಪೊರೆ ಒಮ್ಮೆಲೇ ಕಳಚದೆ ತುಂಡುತುಂಡಾಗಿ ಮೈಗೆ, ಕಣ್ಣಿಗೆ ಅಂಟಿಕೊಳ್ಳುತ್ತದೆ. ಪೊರೆ ಬಿಡುವ ಮುಂಚೆ ಕಣ್ಣು ಮಂಜಾದ ದಿನಗಳಲ್ಲಿ ಹಾವನ್ನು ಮುಟ್ಟಬಾರದು.

ಐದನೆಯ ಮಾತು ನಮ್ಮ ಮನೆಗಳಿಗೆ ಎಲ್ಲಕ್ಕಿಂತ ಮುಖ್ಯ. ಹಾವು ಹಾಲು ಕುಡಿದು ಬದುಕುವ ಜೀವಿಯಲ್ಲ. ಕಾಳು, ಹಣ್ಣು, ರೊಟ್ಟಿಯನ್ನೂ ಮುಟ್ಟುವುದಿಲ್ಲ. ಅದರ ಆಹಾರ ಇಡಿಯಾದ ಪ್ರಾಣಿ ಮಾತ್ರ. ಸಾಕಿದ ಹೆಬ್ಬಾವಿಗೆ ವಾರಕ್ಕೋ ಎರಡು ವಾರಕ್ಕೋ ಒಂದು ಇಲಿ ಬೇಕು. ಪರದೇಶಗಳಲ್ಲಿ ಇದಕ್ಕೆಂದೇ ಬೆಳೆಸಿ ಕೊಂದ ಇಲಿಗಳನ್ನು ಶೈತ್ಯಪೆಟ್ಟಿಗೆಯಲ್ಲಿಟ್ಟು, ಬೆಚ್ಚಗೆ ಮಾಡಿ ತಿನ್ನಿಸುತ್ತಾರೆ. ಒಲೆಯ ಮೇಲೆ ಮಾಂಸ ಬೇಯಿಸದ ಮನೆಯಲ್ಲಿ, ದಾಸೋಹದ ಹಾಲು ಮೊಸರು ಇಡುವ ಪೆಟ್ಟಿಗೆಯಲ್ಲಿ ಇಲಿಗಳ ಸಾಲು! ಹಾವಿನದು ತಪ್ಪಲ್ಲ, ಅದರ ಒಡಲು ಹಾಗೆ. ಆದರೆ ಹಾವನ್ನು ಸಾಕುವವನು ಅದರ ಹಸಿವನ್ನೂ ಸಾಕಬೇಕಾಗುತ್ತದೆ. ಹೊಲದಲ್ಲಿ ಹಾವು ಇಲಿಯನ್ನು ಹಿಡಿದರೆ ಅದು ಸೃಷ್ಟಿಯ ನಡೆ. ನಾವೇ ಇಲಿಯನ್ನು ಕೊಂದು ಪೆಟ್ಟಿಗೆಗೆ ಹಾಕಿದರೆ ಆ ಹೊಣೆ ನಮ್ಮದು.

ಆರನೆಯದು ಆಯುಷ್ಯ. ಬಾಲ್ ಪೈಥಾನ್ 20ರಿಂದ 30 ವರ್ಷ ಬದುಕುವುದು ಸಾಮಾನ್ಯ. ಅಮೆರಿಕದ ಸೇಂಟ್ ಲೂಯಿ ನಗರದ ಮೃಗಾಲಯದಲ್ಲಿ 60 ವರ್ಷ ದಾಟಿದ್ದ ಒಂದು ಹೆಣ್ಣು ಹಾವು 2020ರಲ್ಲಿ ಮೊಟ್ಟೆಯಿಟ್ಟು ಲೋಕವನ್ನು ಬೆರಗುಗೊಳಿಸಿತು. ಇಂದು ಹತ್ತು ವರ್ಷದ ಮಗು ತಂದ ಹಾವನ್ನು, ಆ ಮಗು ಓದಲು ಬೇರೆ ಊರಿಗೆ ಹೋದ ಮೇಲೆ, ಮದುವೆಯಾಗಿ ಹೋದ ಮೇಲೆ ನೋಡಿಕೊಳ್ಳುವವರು ಯಾರು? ಅಮೆರಿಕದ ಫ್ಲೋರಿಡಾ ಪ್ರಾಂತ್ಯದಲ್ಲಿ ಸಾಕಲೆಂದು ತರಿಸಿದ ಏಷ್ಯದ ಹೆಬ್ಬಾವುಗಳು ತಪ್ಪಿಸಿಕೊಂಡೋ, ಸಾಕಲಾರದವರು ಬಿಟ್ಟೋ ಜೌಗುಕಾಡು ಸೇರಿ ಬೆಳೆದವು. ಅಲ್ಲಿಯ ಸಣ್ಣ ಕಾಡುಪ್ರಾಣಿಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಇಷ್ಟಾದರೂ ಹಾವು ನಾಯಿಯಂತೆ ಒಡೆಯನನ್ನು ಕಂಡು ಹಿಗ್ಗುವುದಿಲ್ಲ. ಅದು ಮನುಷ್ಯರ ಕೈಯನ್ನು ಸಹಿಸಿಕೊಳ್ಳುತ್ತದೆ, ಅಷ್ಟೆ. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವುದರಿಂದ ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಅವು ತಕ್ಕವಲ್ಲವೆಂದು ವೈದ್ಯರು ಎಚ್ಚರಿಸುತ್ತಾರೆ.

ಕಾನೂನಿನ ಮಾತು

ಇನ್ನುಳಿದ ಅರ್ಧ ಉತ್ತರವನ್ನು ಕಾನೂನು ಕೊಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಹಾವುಗಳನ್ನು ಹಿಡಿಯುವುದು, ಸಾಕುವುದು, ಮಾರುವುದು, ಕೊಲ್ಲುವುದು ಅಪರಾಧ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ನಾಗರಹಾವು, ಕೇರೆಹಾವು ಮೊದಲಾದ ಹಲವು ಹಾವುಗಳು ಹುಲಿ ಆನೆಗಳ ಸಾಲಿನ ಮೊದಲ ಅನುಸೂಚಿಯಲ್ಲಿ ಸೇರಿವೆ. ಈ ಅನುಸೂಚಿಯ ಜೀವಿಗಳ ವಿಷಯದಲ್ಲಿ ತಪ್ಪಿದವರಿಗೆ ಮೂರರಿಂದ ಏಳು ವರ್ಷಗಳವರೆಗೆ ಸೆರೆವಾಸವಾಗಬಹುದು. ಪರದೇಶದ ಹಾವಾದರೆ ಅಡ್ಡಿಯಿಲ್ಲವೆಂಬ ಮಾತೂ ಸಲ್ಲದು. ಬಾಲ್ ಪೈಥಾನಿನಂತಹ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಸರಕಾರಕ್ಕೆ ವರದಿ ಮಾಡಿ ನೋಂದಾಯಿಸಲೇಬೇಕು.

ಹಾವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಹೇಗೆ ನಡೆದುಕೊಳ್ಳುತ್ತಾರೆ ನೋಡಿ. ತಮಿಳುನಾಡಿನಲ್ಲಿ ಇರುಳರೆಂಬ ಬುಡಕಟ್ಟಿನ ಜನ ತಲೆತಲಾಂತರದಿಂದ ಹಾವು ಹಿಡಿಯುವುದರಲ್ಲಿ ನಿಪುಣರು. ಉರಗತಜ್ಞ ರೋಮುಲಸ್ ವಿಟೇಕರ್ ಅವರ ನೆರವಿನಿಂದ 1978ರಲ್ಲಿ ಅವರದೇ ಸಹಕಾರ ಸಂಘವೊಂದು ಚೆನ್ನೈ ಬಳಿ ಸ್ಥಾಪನೆಯಾಯಿತು. ಸರಕಾರದ ಪರವಾನಗಿಯಂತೆ ಹಿಡಿದ ಹಾವುಗಳನ್ನು ಮರಳು ತುಂಬಿ ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಮಡಕೆಗಳಲ್ಲಿ ಸುಮಾರು ಮೂರು ವಾರ ಇರಿಸಿ, ಔಷಧ ತಯಾರಿಕೆಗೆ ಬೇಕಾದ ವಿಷವನ್ನು ತೆಗೆದು, ಮರಳಿ ಬಯಲಿಗೆ ಬಿಡುತ್ತಾರೆ. ಹಾವಿನಿಂದಲೇ ಜೀವನ ಸಾಗಿಸುವವರು ಕೂಡ ಅದನ್ನು ಮೂರು ವಾರಕ್ಕಿಂತ ಹೆಚ್ಚು ತಮ್ಮ ಬಳಿ ಇಟ್ಟುಕೊಳ್ಳುವುದಿಲ್ಲ.

‘ಎರಡು ತಲೆ ಹಾವಿ’ನ ಮೋಸ

ನಮ್ಮ ಬಯಲುಸೀಮೆಯಲ್ಲಿ ಹಾವು ಸಾಕುವ ಆಸೆಗೆ ಇನ್ನೊಂದು ಕೆಟ್ಟ ಮುಖವಿದೆ. ಮಣ್ಣುಮುಕ್ಕ ಹಾವನ್ನು ಜನ ‘ಎರಡು ತಲೆ ಹಾವು’ ಎನ್ನುತ್ತಾರೆ. ಅದಕ್ಕೆ ಎರಡು ತಲೆಯಿಲ್ಲ. ಅದರ ಬಾಲದ ತುದಿ ಮೊಂಡಾಗಿ ತಲೆಯಂತೆ ಕಾಣುತ್ತದೆ. ವೈರಿ ಬಂದಾಗ ನಿಜವಾದ ತಲೆಯನ್ನು ಸುರುಳಿಯೊಳಗೆ ಅಡಗಿಸಿ ಬಾಲವನ್ನು ಮುಂದೊಡ್ಡಲು ಪ್ರಕೃತಿ ಕೊಟ್ಟ ಉಪಾಯವದು. ವಿಷವಿಲ್ಲದ, ಸಡಿಲ ಮಣ್ಣಿನಲ್ಲಿ ಹುದುಗಿದ್ದು ಇಲಿ ಹಿಡಿಯುವ ಈ ಸಾಧುಜೀವಿಯನ್ನು ಮನೆಯಲ್ಲಿಟ್ಟರೆ ಐಶ್ವರ್ಯ ಬರುತ್ತದೆ, ತೂಕ ಹೆಚ್ಚಿದಷ್ಟೂ ಲಕ್ಷಾಂತರ ಬೆಲೆ ಸಿಗುತ್ತದೆ ಎಂದು ವಂಚಕರು ನಂಬಿಸುತ್ತಾರೆ. ಬಾಲಕ್ಕೆ ಸುಟ್ಟು ಗಾಯ ಮಾಡಿ ಕಣ್ಣು ಬಾಯಿಯ ಗುರುತು ಮೂಡಿಸುವ ಕ್ರೂರಿಗಳೂ ಇದ್ದಾರೆ. ಇಂತಹ ಮಾರಾಟಗಾರರನ್ನು ಪೊಲೀಸರು, ಅರಣ್ಯ ಅಧಿಕಾರಿಗಳು ಬಂಧಿಸಿದ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ.

ಮಗಳ ಮದುವೆಗೆ ಕೂಡಿಟ್ಟ ಹಣವನ್ನು ಇಂತಹ ಮಾತಿಗೆ ಮರುಳಾಗಿ ಕಳೆದುಕೊಂಡರೆ ದೂರು ಕೊಡುವ ಬಾಯಿಯೂ ಇರುವುದಿಲ್ಲ. ಏಕೆಂದರೆ ಕೊಂಡವನೂ ಅಪರಾಧಿಯೇ. ಕಾಯಕದಿಂದ ಬಾರದ ಸಿರಿ ಹಾವಿನ ಬಾಲದಿಂದ ಬಂದೀತೆಂದು ನಂಬುವುದು ಶರಣರ ಮಾರ್ಗದಲ್ಲಿ ನಡೆಯುವವರಿಗೆ ಶೋಭೆಯಲ್ಲ.

ಹಾವಿನ ನಿಜವಾದ ಮನೆ

ಹಾಗಾದರೆ ಹಾವಿಗೆ ಮನೆ ಎಲ್ಲಿ? ಹೊಲದ ಒಡ್ಡಿನಲ್ಲಿ, ಕಲ್ಲಿನ ಸಂದಿನಲ್ಲಿ, ಗೆದ್ದಲು ಕಟ್ಟಿ ಬಿಟ್ಟುಹೋದ ಹುತ್ತದಲ್ಲಿ, ಇಲಿ ತೋಡಿದ ಬಿಲದಲ್ಲಿ. ಪೆಟ್ಟಿಗೆಯಲ್ಲಿ ವಿದ್ಯುತ್ತಿನಿಂದ ಹೊಂದಿಸಬೇಕಾದ ಬಿಸಿ, ತಂಪು, ತೇವ, ಅಡಗುತಾಣ, ಆಹಾರ ಇವೆಲ್ಲ ಅಲ್ಲಿ ತಾವಾಗಿಯೇ ದೊರೆಯುತ್ತವೆ. ಕೇರೆಹಾವು ಇಲಿಯ ಬಿಲದೊಳಕ್ಕೇ ನುಗ್ಗಿ ಮರಿಗಳ ಸಹಿತ ನುಂಗುತ್ತದೆ. ಸಂಬಳ ಕೇಳದ ಈ ಕಾವಲುಗಾರನನ್ನು ಕೊಂದ ರೈತ ಇಲಿಪಾಷಾಣಕ್ಕೆ ಹಣ ಸುರಿಯಬೇಕಾಗುತ್ತದೆ.

ಹಾವಿಗೂ ತನ್ನ ನೆಲೆಯ ಪರಿಚಯವಿರುತ್ತದೆ ಎಂಬುದನ್ನು ನಮ್ಮ ಮಲೆನಾಡಿನಲ್ಲಿ ನಡೆದ ಅಧ್ಯಯನವೇ ತೋರಿಸಿದೆ. ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ವಿಟೇಕರ್ ಅವರು 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಅಲ್ಲಿ ಕಾಳಿಂಗಸರ್ಪಗಳ ಮೈಯೊಳಗೆ ಸಣ್ಣ ರೇಡಿಯೋ ಉಪಕರಣವಿರಿಸಿ ಅವುಗಳ ಜಾಡು ಹಿಡಿಯಲಾಯಿತು. ಹಿಡಿದು ದೂರದಲ್ಲಿ ಬಿಟ್ಟ ಹಾವು ಒಂದೆಡೆ ನೆಲೆನಿಲ್ಲದೆ ಬಹುದೂರ ಅಲೆಯುವುದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು. ಪರಊರಿಗೆ ಒಯ್ದುಬಿಟ್ಟ ಹಾವಿಗೆ ನೀರೆಲ್ಲಿ, ನೆರಳೆಲ್ಲಿ ಎಂಬುದು ತಿಳಿಯದು. ಆದ್ದರಿಂದಲೇ ಮನೆಗೆ ಬಂದ ಹಾವನ್ನು ಹಿಡಿಸಬೇಕಾದಾಗಲೂ ಸಾಧ್ಯವಾದಷ್ಟು ಸಮೀಪದ ತಕ್ಕ ಸ್ಥಳದಲ್ಲಿ ಬಿಡುವುದೇ ಒಳ್ಳೆಯದೆಂದು ತಜ್ಞರು ಹೇಳುತ್ತಾರೆ. ಈ ಕೆಲಸವನ್ನು ಅರಣ್ಯ ಇಲಾಖೆಗೆ ತಿಳಿಸಿ, ತರಬೇತಿ ಪಡೆದವರಿಂದಲೇ ಮಾಡಿಸಬೇಕು. 2023ರಲ್ಲಿ ಚಿಕ್ಕಮಗಳೂರಿನಲ್ಲಿ ಬಹುಕಾಲದಿಂದ ಹಾವು ಹಿಡಿಯುತ್ತಿದ್ದವರೊಬ್ಬರು ತಾವು ಹಿಡಿದ ನಾಗರಹಾವಿನ ಕಡಿತದಿಂದಲೇ ತೀರಿಕೊಂಡರು. ಅನುಭವಿಗಳ ಕೈಯೇ ತಪ್ಪುವಾಗ ಓಣಿಯ ಹುಡುಗರ ಸಾಹಸಕ್ಕೆ ಎಡೆಗೊಡಬಾರದು.

ನಮ್ಮ ಮನೆಯ ಓರಣ

ಹಾವಿನ ಮನೆಯನ್ನು ಹಾವಿಗೆ ಬಿಟ್ಟ ಮೇಲೆ ನಮ್ಮ ಮನೆಯನ್ನು ನಾವು ಓರಣವಾಗಿಟ್ಟುಕೊಳ್ಳಬೇಕು. ಹಾವು ಮನುಷ್ಯರನ್ನು ಹುಡುಕಿಕೊಂಡು ಬರುವುದಿಲ್ಲ. ದ್ವೇಷ ಕಟ್ಟಿಕೊಂಡು ಹನ್ನೆರಡು ವರ್ಷ ಕಾಯುವುದೂ ಇಲ್ಲ. ಅದು ಇಲಿಯನ್ನು ಅರಸಿ ಬರುತ್ತದೆ, ತಂಪನ್ನು ಅರಸಿ ಬರುತ್ತದೆ.

ಹತ್ತಿಕಟ್ಟಿಗೆ, ಕುಳ್ಳು, ಹಳೆಯ ಹಂಚು, ಕಲ್ಲುಗಳ ರಾಶಿ ಗೋಡೆಗೆ ತಾಗಿಕೊಂಡಿರಬಾರದು. ಮನೆಯಿಂದ ದೂರ, ಸಾಧ್ಯವಾದರೆ ನೆಲದಿಂದ ಎತ್ತರದಲ್ಲಿ ಒಟ್ಟಬೇಕು. ಜೋಳದ ಚೀಲ, ದನದ ಹಿಂಡಿ, ಕೋಳಿಗೂಡಿನ ಕಾಳು ಚೆಲ್ಲಾಡಿದರೆ ಇಲಿ ಬರುತ್ತದೆ, ಅದರ ಹಿಂದೆಯೇ ಹಾವು. ಬಚ್ಚಲ ನೀರು ಹೋಗುವ ಕಂಡಿಗೆ ಜಾಲರಿ ಹಾಕಬೇಕು. ಬಾಗಿಲಿನ ಕೆಳಗಿನ ಸಂದನ್ನೂ ಗೋಡೆಯ ಬಿರುಕನ್ನೂ ಮುಚ್ಚಬೇಕು. ಕಟ್ಟಿಗೆ ಎಳೆಯುವ ಮುಂಚೆ, ಕುಳ್ಳಿನ ರಾಶಿಗೆ ಕೈಹಾಕುವ ಮುಂಚೆ ಕೋಲಿನಿಂದ ತಟ್ಟುವ ರೂಢಿಯನ್ನು ತಾಯಂದಿರು ಮಾಡಿಕೊಳ್ಳಬೇಕು. ರಾತ್ರಿ ನೀರು ಹಾಯಿಸಲು ಹೋಗುವ ರೈತರು ಕೈದೀಪ ಮತ್ತು ಪಾದ ಮುಚ್ಚುವ ಮೆಟ್ಟು ಇಲ್ಲದೆ ಹೊರಡಬಾರದು.

ಮಲಗುವ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಕಟ್ಟುಹಾವು ಅಥವಾ ಕಡಂಬಳವೆಂಬ ಕರಿಯ ಮೈಯ, ಬಿಳಿ ಪಟ್ಟಿಯ ಹಾವು ರಾತ್ರಿ ಸಂಚರಿಸುತ್ತದೆ. ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದರೆ ನೋವೇ ಇರದೆ, ಗಾಯವೂ ಕಾಣದೆ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ನಾಲಿಗೆ ತೊದಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹೊರಸು ಅಥವಾ ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿಕೊಳ್ಳುವುದು ಅಗ್ಗದ, ಬಲವಾದ ರಕ್ಷಣೆ.

ಕಡಿತವಾದರೆ

ಇದು ಉಪೇಕ್ಷಿಸುವ ಮಾತಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಜನ, ಹಾವಿನ ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಹೆಚ್ಚಿನವರು ಹಳ್ಳಿಗರು, ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ಮಳೆಗಾಲದಲ್ಲಿ, ಬಹುಪಾಲು ಆಸ್ಪತ್ರೆಯ ಹೊರಗೆ. ಆಸ್ಪತ್ರೆಯನ್ನು ಮುಟ್ಟದ ಸಾವುಗಳೇ ಹೆಚ್ಚು ಎಂಬುದನ್ನು ಮನಸ್ಸಿಗೆ ತಂದುಕೊಳ್ಳಬೇಕು. 2024ರಲ್ಲಿ ಕರ್ನಾಟಕ ಸರಕಾರ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಘೋಷಿಸಿತು.

ನಮ್ಮಲ್ಲಿ ಹೆಚ್ಚಿನ ಸಾವಿಗೆ ಕಾರಣವಾಗುವವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಕುದುರೆಯ ರಕ್ತದಿಂದ ತಯಾರಿಸುವ ಪ್ರತಿವಿಷ ಈ ನಾಲ್ಕರ ವಿಷಕ್ಕೂ ಮದ್ದು. ಆದ್ದರಿಂದ ಕಚ್ಚಿದ ಹಾವನ್ನು ಹುಡುಕಿ ಕೊಂದು ತರುವ ಅಗತ್ಯವಿಲ್ಲ.

ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ ಅಲುಗದಂತೆ ಇರಿಸಬೇಕು. ಕಚ್ಚಿದ ಕೈಕಾಲಿಗೆ ದಬ್ಬೆ ಕಟ್ಟಿ ಆಡದಂತೆ ಮಾಡಬೇಕು. ಬಾವು ಬರುವ ಮುಂಚೆ ಬಳೆ, ಉಂಗುರ, ಕಾಲುಂಗುರ, ಗಡಿಯಾರ ತೆಗೆಯಬೇಕು. ಬಿಗಿಯಾಗಿ ಹಗ್ಗ ಕಟ್ಟಬಾರದು, ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಸುಡಬಾರದು. ಕಚ್ಚಿದ ಸಮಯವನ್ನು ನೆನಪಿಟ್ಟುಕೊಂಡು 108ಕ್ಕೆ ಕರೆಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಪ್ರತಿವಿಷವಿರುವ ಸಮೀಪದ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಮಂತ್ರ, ನಾರು ಬೇರುಗಳಲ್ಲಿ ಕಳೆದ ಒಂದು ಗಂಟೆ ಮರಳಿ ಬಾರದು. ವಿಷರಹಿತ ಹಾವು ಕಚ್ಚಿದವನು, ಅಥವಾ ವಿಷದ ಹಾವು ವಿಷ ಬಿಡದೆ ಕಚ್ಚಿದವನು ಮಂತ್ರವಿಲ್ಲದೆಯೂ ಬದುಕುತ್ತಾನೆ. ಮಂತ್ರಕ್ಕೆ ಕೀರ್ತಿ ಬರುವುದು ಹೀಗೆ.

ಮಗುವಿಗೆ ಕೊಡುವ ಉತ್ತರ

ಶ್ರಾವಣದ ಪಂಚಮಿ ಬಂತೆಂದರೆ ಉತ್ತರ ಕರ್ನಾಟಕದ ಮನೆಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು; ಮರಮರದಲ್ಲಿ ಜೋಕಾಲಿ; ತವರಿಗೆ ಬಂದ ಹೆಣ್ಣುಮಕ್ಕಳ ನಗು. ಆ ದಿನ ನೇಗಿಲು ಹೂಡಬಾರದು, ನೆಲ ಅಗೆಯಬಾರದು ಎಂಬ ಹಿರಿಯರ ಕಟ್ಟಳೆ ಹಾವಿನ ಮನೆಗೆ ಕೊಡುವ ಮರ್ಯಾದೆಯೇ ಆಗಿದೆ. ಆದರೆ ಹುತ್ತಕ್ಕೆ ಸುರಿದ ಹಾಲು ಹಾವಿನ ಆಹಾರವಲ್ಲ. ನೀರಿಲ್ಲದೆ ಬಾಯಾರಿಸಿ ತಂದ ಹಾವು ಹಾವಾಡಿಗನ ಬುಟ್ಟಿಯಲ್ಲಿ ಹಾಲಿಗೆ ಬಾಯಿ ಹಾಕಿದರೆ ಅದು ಸಂಕಟವೇ ಹೊರತು ಪ್ರಸಾದ ಸ್ವೀಕಾರವಲ್ಲ. ಕಲ್ಲಿನ ನಾಗನನ್ನು ಪೂಜಿಸಿ ಜೀವಂತ ನಾಗನನ್ನು ಬಡಿಯುವ ಜನರ ವಿಪರ್ಯಾಸವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ತಮ್ಮ ವಚನದಲ್ಲಿ ಎತ್ತಿ ತೋರಿಸಿದರು. ಆ ಮಾತನ್ನು ಅರಿತು ಪಂಚಮಿಯ ಹಾಲನ್ನು ಮಕ್ಕಳಿಗೆ ಹಂಚುವ ಪದ್ಧತಿಯನ್ನು ಹಲವು ಸಂಘಟನೆಗಳು ನಡೆಸಿಕೊಂಡು ಬಂದಿವೆ.

ಆದ್ದರಿಂದ ಹಾವು ಬೇಕೆಂದು ಕೇಳಿದ ಮಗುವಿಗೆ ‘ಬೇಡ’ ಎಂದಷ್ಟೇ ಹೇಳದಿರೋಣ. ಮೈಸೂರಿನ ಮೃಗಾಲಯಕ್ಕೋ, ಕಾಳಿಂಗಸರ್ಪಗಳ ಸಂತಾನಾಭಿವೃದ್ಧಿಗೆ ಹೆಸರಾದ ಮಂಗಳೂರಿನ ಪಿಲಿಕುಳಕ್ಕೋ ಪ್ರವಾಸ ಹೋದಾಗ ಹಾವುಗಳನ್ನು ಸಾವಕಾಶವಾಗಿ ತೋರಿಸೋಣ. ಹೊಲದಲ್ಲಿ ಸಿಕ್ಕ ಪೊರೆಯನ್ನು ಕೋಲಿನಿಂದ ಎತ್ತಿ ತೋರಿಸಿ, ಅದರಲ್ಲಿ ಕಣ್ಣಿನ ರೆಪ್ಪೆಯಿಲ್ಲದ ಗಾಜಿನಂತಹ ಹೊದಿಕೆಯೂ ಮೂಡಿರುವುದನ್ನು ವಿವರಿಸೋಣ. ಕೇರೆಗೂ ನಾಗರಕ್ಕೂ ಇರುವ ವ್ಯತ್ಯಾಸವನ್ನು ಪುಸ್ತಕದ ಚಿತ್ರದಿಂದ ಕಲಿಸೋಣ. ಯಾವ ಹಾವನ್ನೂ ಕೈಯಿಂದ ಮುಟ್ಟಬಾರದೆಂದೂ ಹೇಳೋಣ. ಮತ್ತೆ ಹೊಲದ ಒಡ್ಡಿನ ಬಳಿ ನಿಲ್ಲಿಸಿ, ‘ನಮ್ಮ ಹಾವು ಇಲ್ಲೇ ಐತಿ, ಇದೇ ಅದರ ಮನಿ, ಇದನ್ನ ಕೆಡಿಸದಂಗ ನೋಡ್ಕೊಳ್ಳೋದೇ ಅದರ ಆರೈಕಿ’ ಎನ್ನೋಣ.

ಹುತ್ತ ಅಗೆಯದ, ಒಡ್ಡಿಗೆ ಬೆಂಕಿಯಿಡದ, ಕಂಡ ಹಾವಿಗೆ ದಾರಿ ಬಿಡುವ, ಕಚ್ಚಿದರೆ ನೇರವಾಗಿ ಆಸ್ಪತ್ರೆಗೆ ಹೋಗುವ ಕುಟುಂಬವು ಹಾವನ್ನೂ ಕಾಯುತ್ತದೆ, ತನ್ನ ಮಕ್ಕಳನ್ನೂ ಕಾಯುತ್ತದೆ. ದಯೆಯೆಂದರೆ ಎಲ್ಲ ಜೀವಿಗಳನ್ನೂ ನಮ್ಮ ಮನೆಯೊಳಕ್ಕೆ ತಂದುಕೊಳ್ಳುವುದಲ್ಲ. ಅವುಗಳ ಮನೆಯನ್ನು ಅವುಗಳಿಗೇ ಉಳಿಸುವುದು.